ಹಿಮದ ನಾಡಿನ ಅಜ್ಜಿಗಾಗಿ ಬಿಟ್ಟ ಕಾಫಿ

ನಮ್ಮ ಮೊಮ್ಮಗಳ ಪುಸ್ತಕ ಬಂತು. ಅಚ್ಚಾಗಿ, ರಟ್ಟು ಹಾಕಿಸಿಕೊಂಡು, ಅವಳ ಹೆಸರು ಹೊತ್ತುಕೊಂಡು ಬಂತು. ಇವತ್ತು ಮಧ್ಯಾಹ್ನ ಮೇಲೂರಿನಲ್ಲಿ ಬಸ್ಸಿಳಿದು, ಹಸುಗೂಸಿನ ಹಾಗೆ ಎದೆಗವಚಿಕೊಂಡು ತಂದಳು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಅವಳ ಹೆಸರು ಓದಿದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದೆ. ಆಮೇಲೆ ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟೆ. ಕುಂಕುಮ ಸ್ವಲ್ಪ ಜಾಸ್ತಿಯಾಗಿ ರಟ್ಟಿನ ಮೇಲಿದ್ದ ಬಿಳಿ ಕರಡಿಯ ಮೂತಿ ಕೆಂಪಾಯಿತು. ಕರಡಿಗೆ ಮದುವೆ ಮಾಡ್ತಿದ್ದೀಯೇನೇ ಅಂತ ಯಜಮಾನರು ಕೇಳಿದರು. ಕೇಳಲಿ.

ಯುಗಾದಿಗೆ ನಾನು ಕಾಫಿ ಬಿಟ್ಟಿದ್ದೆ. ಇನ್ನೇನು ಗೌರಿ ಹಬ್ಬ ಬಂತು. ಮತ್ತೆ ಕುಡಿಯಬಹುದೋ ಇಲ್ಲವೋ ಅನ್ನುವುದು ಈ ಪುಸ್ತಕದ ಕೊನೆಯಲ್ಲಿತ್ತು.

ಮೊಮ್ಮಗಳು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಾಳೆ. ಹೈಸ್ಕೂಲು ಮಕ್ಕಳಿಗೆ ಅಂತ ಕಾದಂಬರಿ ಬರೆಯಲು ಕೂತಳು. ನಮ್ಮ ಕಡೆಯ ಕಥೆ ಬರೆಯುತ್ತಾಳೆ ಅಂದುಕೊಂಡರೆ, ಕೆನಡಾ ದೇಶದ ತುದಿಯಲ್ಲಿ, ಹಿಮದಲ್ಲಿ ಬದುಕುವ ಇನ್ಯೂಟ್ ಜನರ ಕಥೆ. ಬರೆದಷ್ಟನ್ನು ಸಂಜೆ ಹುಳದ ಮನೆಗೆ ತಂದು ನನಗೆ ಓದಿ ಹೇಳುತ್ತಿದ್ದಳು. ನಾನು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ. ಹುಳುಗಳು ಮಳೆ ಬಿದ್ದಂತೆ ಸದ್ದು ಮಾಡಿ ಮೇಯುತ್ತಿದ್ದವು, ಅವಳು ಆ ಸದ್ದಿನ ಮೇಲೆ ಗಂಟಲು ಏರಿಸಿ ಓದುತ್ತಿದ್ದಳು. ಕಥೆಯೊಳಗೆ ಹಲ್ಲು ಕಟಕಟಿಸುವ ಚಳಿ, ಇಲ್ಲಿ ನಮ್ಮಿಬ್ಬರ ಬೆನ್ನಲ್ಲೂ ಬೆವರು.

ಆ ಕಥೆಯಲ್ಲೂ ಒಬ್ಬ ಅಜ್ಜಿ, ಒಬ್ಬಳು ಮೊಮ್ಮಗಳು. ಅಜ್ಜಿಯ ಹತ್ತಿರ ಕಲ್ಲಿನಲ್ಲಿ ಕೆತ್ತಿದ ಅರ್ಧಚಂದ್ರದಂಥ ದೀಪ. ಸೀಲ್ ಅನ್ನುವ ಕಡಲ ಪ್ರಾಣಿಯ ಕೊಬ್ಬೇ ಅದಕ್ಕೆ ಎಣ್ಣೆ. ಬೆಳಕು, ಅಡುಗೆ, ಬಿಸಿ ಎಲ್ಲ ಅದರಿಂದಲೇ. ಒಂದು ದಿನ ಸರ್ಕಾರದವರು ಬಂದರು. ಇನ್ನೂ ಉತ್ತರಕ್ಕೆ ಹೋಗಿ, ಅಲ್ಲಿ ಬೇಟೆ ಚೆನ್ನಾಗಿದೆ, ಇಷ್ಟವಾಗದಿದ್ದರೆ ವಾಪಸು ಕರೆತರುತ್ತೇವೆ ಅಂತ ನಂಬಿಸಿ ಹಡಗು ಹತ್ತಿಸಿದರು. ಇಳಿಸಿದ ಜಾಗದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲ. ವಾಪಸು ಕರೆದೊಯ್ಯುವ ಹಡಗೂ ಬರುವುದಿಲ್ಲ. ಇಂಥದ್ದು ನಿಜವಾಗಿ ನಡೆದಿದೆಯಂತೆ.

ಮೊದಮೊದಲು ನಾನು ತಪ್ಪು ಹುಡುಕುತ್ತಿದ್ದೆ. ಹಾಲು ಉಕ್ಕಿಸದೆ ಹೊಸ ಮನೆ ಹೊಕ್ಕರೆ ಆಗುವುದು ಹೀಗೇ ಅಂದೆ. ಅಲ್ಲಿ ಹಸುವೇ ಇಲ್ಲವಂತೆ. ನಾಯಿಗಳು ಗಾಡಿ ಎಳೆಯುತ್ತವೆ ಅಂದಾಗಲೂ ನಂಬಲಿಲ್ಲ. ನಮ್ಮ ನಾಯಿ ಊಟಕ್ಕೆ ಕರೆದರೂ ಯೋಚನೆ ಮಾಡಿ ಏಳುತ್ತದೆ. ಆದರೆ ಆ ಅಜ್ಜಿ ದಿನಾ ದಡಕ್ಕೆ ಬಂದು ಹಡಗಿಗೆ ಕಾಯುವ ಭಾಗ ಬಂದಾಗ ಸೊಪ್ಪು ಹಾಕುವ ಕೈ ನಿಂತುಹೋಯಿತು.

"ಆಯಮ್ಮ ಊರಿಗೆ ಹೋಗ್ತಾಳಾ ಇಲ್ವಾ, ಅಷ್ಟು ಹೇಳು."

"ಕೊನೇದು ಇನ್ನೂ ಬರೆದಿಲ್ಲ ಅಜ್ಜಿ. ನಿಜವಾಗಿ ಬೇಕಾದಷ್ಟು ಜನ ವಾಪಸ್ ಹೋಗ್ಲೇ ಇಲ್ಲ. ನಾನು ಸುಮ್ನೆ ಕಳಿಸಿಬಿಟ್ರೆ ಅವರಿಗೆಲ್ಲ ಮೋಸ ಮಾಡ್ದಂಗೆ."

ನನಗೆ ತಡೆಯಲಾಗಲಿಲ್ಲ. ಕೈ ತೊಳೆದು ನೇರ ದೇವರ ಮುಂದೆ ಹೋಗಿ, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪಿಟ್ಟೆ. ಆಯಮ್ಮ ಊರು ಸೇರುವವರೆಗೆ ಕಾಫಿ ಮುಟ್ಟುವುದಿಲ್ಲ.

ಹರಕೆ ಹೊತ್ತವಳು ನಾನು, ಅನುಭವಿಸಿದವರು ಮನೆಯವರೆಲ್ಲ. ಕಾಫಿಯಿಲ್ಲದ ತಲೆನೋವಿಗೆ ಸಾರಿನ ಉಪ್ಪೂ ತಪ್ಪಾಗಿ, ಸೊಸೆ ಹಾಕಿದ ರಂಗೋಲಿಯೂ ಸೊಟ್ಟಗೆ ಕಾಣುತ್ತಿತ್ತು. ಯಜಮಾನರು ಬೇಕೆಂದೇ ಎದುರಿಗೆ ಕೂತು ಸೊರ್ ಎಂದು ಕುಡಿಯುವರು. ಒಂದು ದಿನ ಸೊಸೆ ತನ್ನ ಮಗಳಿಗೇ ಕೈ ಮುಗಿದಳು.

"ಆ ಮುದುಕೀನ ಹೆಂಗಾದ್ರೂ ಊರಿಗೆ ಕಳಿಸ್ಬಿಡಮ್ಮ. ಈ ಮುದುಕಿ ಜೊತೆ ನಾನು ಏಗ್ಲಾರೆ."

ಒಳಗೆ ನನಗೆ ಕೇಳಿಸಿತು. ಕೇಳಿಸದವಳಂತೆ ಇದ್ದೆ. ಮಾತು ನನ್ನ ಪರವಾಗಿಯೇ ನಡೆಯುತ್ತಿತ್ತಲ್ಲ.

ತೆಲುಗಿನವಳಾದ ಪಕ್ಕದ ಮನೆಯಾಕೆ ದಿನಾ ಬೇಲಿಯಾಚೆಯಿಂದ ವಿಚಾರಿಸುವಳು, ಆಯಮ್ಮ ಊರಿಗೆ ಬಂದಳಾ ಅಂತ. ಒಂದು ದಿನ ಎಳನೀರು ತಂದು, ಆಸ್ಪತ್ರೆಗೆ ಹೋಗುವಾಗ ಕೊಡಿ ಅಂದಳು. ನನ್ನ ತವರಿನ ಕಡೆಯವರು ಯಾರೋ ಹಾಸಿಗೆ ಹಿಡಿದಿದ್ದಾರೆ ಅಂತ ಅಷ್ಟು ದಿನವೂ ತಿಳಿದಿದ್ದಳು. ಎಳನೀರು ಯಜಮಾನರು ಕುಡಿದರು.

ಮೊಮ್ಮಗಳು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕೊನೆಯ ಅಧ್ಯಾಯ ಬರೆದಳು, ಆದರೆ ಅಚ್ಚಾಗುವವರೆಗೆ ಯಾರಿಗೂ ಓದಿ ಹೇಳಲಿಲ್ಲ.

ಇವತ್ತು ನಾನು ಹುಳಕ್ಕೆ ಸೊಪ್ಪು ಹಾಕಿ ಬಂದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಓದಿದಳು. ಅಜ್ಜಿ ಸತ್ತಳು. ಆ ಕತ್ತಲ ನೆಲದಲ್ಲೇ ಅವಳನ್ನು ಮಲಗಿಸಿ ಮೇಲೆ ಕಲ್ಲು ಪೇರಿಸಿದರು. ನನ್ನ ಕಣ್ಣು ತುಂಬಿತು. ಸೊಸೆಯ ಕಣ್ಣು ನನಗಿಂತ ಹೆಚ್ಚು ತುಂಬಿತು. ಇನ್ನು ಸಾಯುವವರೆಗೂ ಕಾಫಿಯಿಲ್ಲದ ಅತ್ತೆ ಅವಳ ಕಣ್ಣ ಮುಂದೆ ಬಂದಿರಬೇಕು. ಆದರೆ ಪುಟ ಇನ್ನೂ ಇತ್ತು. ಕಥೆಯ ಮೊಮ್ಮಗಳಿಗೂ ತಲೆ ನರೆಯುತ್ತದೆ. ಕೊನೆಗೊಮ್ಮೆ ಹುಟ್ಟಿದೂರಿಗೆ ಹೋಗುತ್ತಾಳೆ. ಸುತ್ತಿ ತಂದಿದ್ದ ಕಲ್ಲಿನ ದೀಪ ಬಿಚ್ಚಿ, ಅಜ್ಜಿ ಕೂರುತ್ತಿದ್ದ ಜಾಗದಲ್ಲೇ ಇಟ್ಟು ಹಚ್ಚುತ್ತಾಳೆ. ಅಲ್ಲಿಗೆ ಮುಗಿಯಿತು.

ಮೊಮ್ಮಗಳು ಪುಸ್ತಕ ಮುಚ್ಚಿ ನನ್ನ ಮುಖವನ್ನೇ ನೋಡಿದಳು. ಹರಕೆ ಹೊತ್ತದ್ದು ಅಜ್ಜಿಗೆ, ದೀಪಕ್ಕಲ್ಲ, ಲೆಕ್ಕಕ್ಕೆ ಬರಲ್ಲ ಅಂದರು ಯಜಮಾನರು. ನಾನು ದೇವರ ಗೂಡಿನ ಕಡೆ ನೋಡಿದೆ. ಮದುವೆಯಾಗಿ ಬರುವಾಗ ನಮ್ಮಮ್ಮ ಕೊಟ್ಟ ಹಿತ್ತಾಳೆ ದೀಪ ಅಲ್ಲಿದೆ. ನಮ್ಮಮ್ಮನಿಗೆ ಈ ಊರಿಗೆ ಒಂದು ಸಲವೂ ಬರಲಾಗಲಿಲ್ಲ. ಆದರೆ ಸಂಜೆ ಅದನ್ನು ಹಚ್ಚುವಾಗೆಲ್ಲ, ಬತ್ತಿ ಸರಿ ಮಾಡೇ ಅಂತ ಪಕ್ಕದಲ್ಲೇ ನಿಂತು ಬೈಯುತ್ತಾಳೆ.

"ಆಯಮ್ಮ ಊರು ಸೇರಿದ್ಲು ಕಣ್ರೀ," ಅಂದೆ. "ನಿಮ್ಗೆ ಗೊತ್ತಾಗಲ್ಲ, ಸುಮ್ನಿರಿ."

ಮೊಮ್ಮಗಳು ಬಂದು ನನ್ನ ಮಡಿಲಿಗೆ ತಲೆಯಿಟ್ಟಳು. ಅಷ್ಟರಲ್ಲಿ ಸೊಸೆ ಒಲೆಯ ಮೇಲೆ ಹಾಲಿಟ್ಟಾಗಿತ್ತು, ಅವಸರದಲ್ಲಿ ಉಕ್ಕಿಸಿಯೂ ಬಿಟ್ಟಿದ್ದಳು. ನಾನು ಬೈಯಲಿಲ್ಲ. ಮನೆ ಸೇರಿದವರಿಗೆ ಹಾಲು ಉಕ್ಕಲೇಬೇಕು.

ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಎಳನೀರು ಕೊಟ್ಟ ಪಕ್ಕದ ಮನೆಯಾಕೆಯನ್ನೂ ಕರೆದೆವು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಬ್ಬಟ್ಟು. ನನ್ನ ತಟ್ಟೆಯ ಪಕ್ಕ ದೊಡ್ಡ ಲೋಟದ ತುಂಬ ಕಾಫಿ. ಮುದ್ದೆಗೆ ಯಾರಾದರೂ ಕಾಫಿ ನಂಜಿಕೊಳ್ಳುತ್ತಾರಾ ಅಂತ ಮಗ ನಕ್ಕ. ನಾನು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ, ಲೋಟ ಎತ್ತಿ ಯಜಮಾನರ ಕಡೆಗೇ ತಿರುಗಿ ಸೊರ್ ಎಂದು ಕುಡಿದೆ.