ಉಣ್ಣೆ ಚೆಂಡಿಗೆ ಅಂಟಿದ ಸುಣ್ಣ

ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಹಸಿ ಸುಣ್ಣದ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಮಹಾರಾಜರ ಕಾಲದ ಮಧುಗಿರಿ ಹೈಸ್ಕೂಲಿನ ಮೈದಾನ, ಮತ್ತು ಖಾದರ್.

ಖಾದರ್ ಸಿರಾದವನು. ಮಧುಗಿರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ನನ್ನ ಜೊತೆ ಓದುತ್ತಿದ್ದ. ಉಣ್ಣೆ ಚೆಂಡಿನಿಂದ ಆಡುವ ಬ್ಯಾಡ್ಮಿಂಟನ್ನಿನಲ್ಲಿ ಅವನಿಗೆ ಸಾಟಿಯಿರಲಿಲ್ಲ. ಬೆಟ್ಟದ ನೆರಳು ಅಂಗಳಕ್ಕೆ ಇಳಿಯುವ ಹೊತ್ತಿಗೆ ಅವನು ಬ್ಯಾಟು ಹಿಡಿದು ನಿಂತರೆ ದಾರಿಹೋಕರೂ ನಿಲ್ಲುತ್ತಿದ್ದರು. ನಾನೂ ಆಡುತ್ತಿದ್ದೆ ಅನ್ನಿ. ಅಣ್ಣನ ಹಳೆಯ ಖಾಕಿ ಚಡ್ಡಿ ಜಾರದಂತೆ ನನ್ನ ಒಂದು ಕೈ ಸದಾ ಅದರ ಮೇಲೇ ಇರುತ್ತಿತ್ತು.

ನಮ್ಮಲ್ಲೊಂದು ಪದ್ಧತಿ. ಚೆಂಡು ಯಾರ ಕಡೆ ಬಿತ್ತೋ ಅವರೇ ಒಳಗೋ ಹೊರಗೋ ಹೇಳಬೇಕು. ಅನುಮಾನ ಬಂದರೆ ಚೆಂಡನ್ನೇ ನೋಡುವುದು. ಸುಣ್ಣದಲ್ಲಿ ಎಳೆದ ಗೆರೆ ಮುಟ್ಟಿದ್ದರೆ ಉಣ್ಣೆಗೆ ಸುಣ್ಣ ಅಂಟಿರುತ್ತದೆ, ಅಂದರೆ ಒಳಗೆ.

ಆ ವರ್ಷ ಮೈಸೂರಿನ ಕಾಲೇಜು ಮೈದಾನದಲ್ಲಿ ಪಂದ್ಯ. ತಂಡದಲ್ಲಿ ಉಳಿದಿದ್ದುದು ಒಂದೇ ಜಾಗ. ಮೇಷ್ಟ್ರು ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿದರು. ಅದೃಷ್ಟದಿಂದ ನಾನು ಸರಿಸಮ ಬಂದೆ. ಕೊನೆಯ ಚೆಂಡನ್ನು ಖಾದರ್ ನನ್ನ ಹಿಂದಿನ ಗೆರೆಗೆ ಹೊಡೆದ. ಎತ್ತಿಕೊಂಡೆ. ಬೆಳ್ಳಗೆ ಸುಣ್ಣ! ಚಡ್ಡಿ ಏರಿಸಿಕೊಳ್ಳುವವನಂತೆ ಅದಕ್ಕೇ ಒರೆಸಿಬಿಟ್ಟೆ.

"ಏನೋ, ಒಳಗೋ ಹೊರಗೋ?" ಎಂದರು ಮೇಷ್ಟ್ರು.

"ಹೊರಗೆ ಸಾರ್."

"ಚೆಂಡು ತೋರಿಸು."

"ಬುಡಿ ಸಾರ್," ಎಂದ ಖಾದರ್, "ಅವನು ಅಂದ್ಮೇಲೆ ಮುಗೀತು."

ಆಮೇಲೆ ಬಾವಿಯ ಹತ್ತಿರ ಕೈಕಾಲು ತೊಳೆಯುವಾಗ ಮೆಲ್ಲಗೆ ಹೇಳಿದ: "ಲೇ, ಮೈಸೂರಿಗೆ ಹೋಗಾಕ್ ಮುಂಚೆ ಚಡ್ಡಿ ಒಗ್ಕೊಂಡ್ಬುಡು ಕಣ್ಲಾ. ಸುಣ್ಣ ಕಾಣ್ತೈತೆ." ನಾನು ಚಡ್ಡಿಗೆ ನೀರು ಎರಚಿಕೊಂಡೆ. "ನನ್ನ ಬ್ಯಾಟು ತಗಂಡೋಗು. ನಿಂದು ಬೀಸಿದ್ರೆ ಸೊಳ್ಳೇನೂ ಸಾಯಾಕಿಲ್ಲ" ಎಂದು ನಕ್ಕ.

ಮೈಸೂರಿನ ಆ ಮೈದಾನ! ಕೆಮ್ಮಣ್ಣಿನ ಟೆನಿಸ್ ಅಂಗಳಗಳು, ಕ್ರಿಕೆಟ್ಟಿಗೆಂದೇ ಬೆಳೆಸಿದ ಹುಲ್ಲು, ಹಗ್ಗ ಹತ್ತುವ ಗರಡಿಯಂಥ ದೊಡ್ಡ ಕೋಣೆ, ಸಂಜೆ ಆಟ ಮುಗಿದರೂ ಮನೆಗೆ ಹೋಗದೆ ಮೆಟ್ಟಿಲುಗಳ ಮೇಲೆ ಹರಟುವ ಹುಡುಗರು. ಆಟಕ್ಕೆಂದು ಒಂದು ಊರನ್ನೇ ಕಟ್ಟಿದ್ದರು. ಕಣ್ತುಂಬ ನೋಡಿದೆ. ಖಾದರನ ಬ್ಯಾಟು ಕೈಯಲ್ಲಿ ಭಾರವಾಗಿತ್ತು. ಮೊದಲ ಪಂದ್ಯದಲ್ಲೇ ಸೋತೆವು.

ವಾಪಸು ಬಂದಾಗ ಅವನು ಬಸ್ಸಿನ ಹತ್ತಿರವೇ ಕಾದಿದ್ದ. ಸೋಲು ಗೆಲುವು ಕೇಳಲಿಲ್ಲ. "ಮೈದಾನ ಹೆಂಗೈತ್ಲಾ? ಹೇಳು, ಹೇಳು!"

ಅವನು ನೋಡಬೇಕಾಗಿದ್ದುದನ್ನು ನಾನು ನೋಡಿಬಂದಿದ್ದೆ. "ಏನೂ ಇಲ್ಲ ಬುಡ್ಲಾ, ನಮ್ದರಂಗೇ ಐತೆ" ಎಂದೆ.

ಅವನ ಮುಖ ಚಿಕ್ಕದಾಯಿತು. ಸುಣ್ಣ ಒರೆಸಿದ್ದಕ್ಕಿಂತ ಆ ಮಾತು ದೊಡ್ಡ ತಪ್ಪೆಂದು ತಿಳಿಯಲು ನನಗೆ ಮುಪ್ಪು ಬರಬೇಕಾಯಿತು. ಅವನು ಆ ವರ್ಷವೇ ಓದು ಬಿಟ್ಟು ಸಿರಾದ ಅಂಗಡಿಯಲ್ಲಿ ಕುಳಿತ. ಮೈಸೂರನ್ನು ನೋಡಲೇ ಇಲ್ಲವಂತೆ. ಈಗ ಕಣ್ಣೂ ಹೋಗಿದೆಯಂತೆ. ಕಿವಿ ಮಾತ್ರ ಚುರುಕಾಗಿದೆಯೆಂದು ಮೊನ್ನೆ ಸಿರಾದಿಂದ ಬಂದವರು ಹೇಳಿದರು.

ಪಕ್ಕದ ಮನೆಯ ಗೋಡೆ ಒಣಗುತ್ತಿದೆ. ನಾಳೆ ಬೆಳಿಗ್ಗೆ ಸಿರಾದ ಬಸ್ಸು ಹತ್ತುತ್ತೇನೆ. ಮೊದಲು ನನ್ನ ಹಿಂದಿನ ಗೆರೆಗೆ ಬಿದ್ದ ಆ ಚೆಂಡು ಒಳಗೇ ಇತ್ತೆಂದು ಹೇಳಿ, ಆಮೇಲೆ ಕೆಮ್ಮಣ್ಣಿನ ಅಂಗಳದಿಂದ ಶುರುಮಾಡಿ, ಒಂದು ಹುಲ್ಲುಕಡ್ಡಿಯನ್ನೂ ಬಿಡದೆ ಹೇಳುತ್ತೇನೆ.