ಬಳ್ಳಿಯ ಗಂಟು, ಹುಳದ ಗಂಟು

ನನ್ನ ಅಣ್ಣ ಮೀನು ತಿನ್ನುವುದಿಲ್ಲ. ನಾವು ಲಿಂಗ ಕಟ್ಟಿದವರು, ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಆದರೂ ಅವನಿಗೆ ಮೀನು ಹಿಡಿಯುವ ಹುಚ್ಚು. ಸೈನ್ಯದಲ್ಲಿದ್ದಾಗ ಹಿಮಾಚಲದ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವುದನ್ನು ಕಲಿತ. ನಿವೃತ್ತನಾಗಿ ಸವಣೂರಿಗೆ ಬಂದು ನಮ್ಮ ಓಣಿಯಲ್ಲೇ ಮನೆ ಮಾಡಿದ ಮೇಲೂ ವರ್ಷಕ್ಕೊಮ್ಮೆ, ನವರಾತ್ರಿಗೆ ಮುಂಚೆ, ಯಲವಿಗಿಯಲ್ಲಿ ರೈಲು ಹತ್ತಿ ಹಿಮಾಚಲದ ಹಳೆಯ ಗೆಳೆಯನ ಹತ್ತಿರ ಹೋಗುತ್ತಾನೆ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾನೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ; ಇವನಿಗೆ ಕೆಸರು ಮಾತ್ರ.

"ಬಿಡೂದಾದ್ರ ಹಿಡಿಯೂದ್ಯಾಕ?" ಎಂದು ಒಮ್ಮೆ ರೇಗಿದ್ದೆ.

"ನೀ ದಿನಾ ರಂಗೋಲಿ ಹಾಕ್ತಿ, ಮರುದಿನ ನೀನ ತೊಳೀತಿ. ನಾ ಏನರ ಕೇಳೇನೇನು?" ಎಂದ.

ಹೋದ ವರ್ಷ ಅವನ ಕೈ ನಡುಗತೊಡಗಿತು. ಗುಳಿಗೆಗಳು ನಡುಕವನ್ನು ತಗ್ಗಿಸಿದವೇ ಹೊರತು ನಿಲ್ಲಿಸಲಿಲ್ಲ. ಚಹಾದ ಬಟ್ಟಲನ್ನು ಹೇಗೋ ಹಿಡಿಯುತ್ತಿದ್ದ. ಗಾಳಕ್ಕೆ ಹುಳ ಕಟ್ಟಲು, ಅಂದರೆ ದಾರ, ಪುಕ್ಕಗಳಿಂದ ಮೀನನ್ನು ಮರುಳು ಮಾಡುವ ಹುಸಿ ಹುಳ ಮಾಡಲು, ಆಗಲಿಲ್ಲ. ಅವನದೊಂದು ಹಟ: ಅಂಗಡಿಯ ಹುಳ ಒಲ್ಲೆ, ಕೈಯಾರೆ ಕಟ್ಟಿದ್ದೇ ಆಗಬೇಕು. "ಈ ವರ್ಷ ಹೋಗೂದಿಲ್ಲ. ಇನ್ನ ಮುಗೀತದು," ಅಂದುಬಿಟ್ಟ. ಅತ್ತಿಗೆ ರೈಲಿನ ಬುತ್ತಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಹೊಳೆಯೊಂದನ್ನೇ ಅಲ್ಲ, ಬದುಕುವ ಹುರುಪನ್ನೇ ಬಿಟ್ಟುಕೊಡುತ್ತಿದ್ದಾನೆ ಅನಿಸಿ ನನಗೆ ಹೆದರಿಕೆಯಾಯಿತು.

"ನಾ ಕಟ್ತೇನಿ, ಹೇಳಿಕೊಡು," ಅಂದೆ. ವೀಳ್ಯದೆಲೆ ತೋಟದಲ್ಲಿ ಬಳ್ಳಿ ಕಟ್ಟುತ್ತಲೇ ಕೂದಲು ನರೆತವಳು ನಾನು. ಒಂದು ಹುಳ ಕಟ್ಟಲಾರೆನೇ ಎಂಬ ಸೊಕ್ಕು.

ಪಡಸಾಲೆಯಲ್ಲಿ ಪುಟ್ಟ ಇಕ್ಕಳ ನಿಲ್ಲಿಸಿ, ಅದರ ಬಾಯಿಗೆ ಭತ್ತದ ಕಾಳಿಗಿಂತ ತುಸು ದೊಡ್ಡ ಗಾಳ ಸಿಕ್ಕಿಸಿದೆವು. ಕಟ್ಟಬೇಕಾದದ್ದು ನಿಂಫ್, ಅಂದರೆ ಹೊಳೆಯ ತಳದ ಕಲ್ಲುಗಳಲ್ಲಿ ಹರಿದಾಡುವ, ಇನ್ನೂ ರೆಕ್ಕೆ ಬಾರದ ಮರಿಹುಳದ ವೇಷ. ಅಣ್ಣ ಕೈಗಳನ್ನು ತೊಡೆಯ ಕೆಳಗೆ ಅವಿತಿಟ್ಟುಕೊಂಡು ಗದ್ದದಿಂದಲೇ ತೋರಿಸುತ್ತಿದ್ದ. ಮೊದಲು ಗಾಳಕ್ಕೆ ದಾರದ ಸುತ್ತು. ಬಾಲಕ್ಕೆ ಕೋಳಿಯ ಕಂದು ಪುಕ್ಕದ ಕೆಲವು ಎಳೆ. ಮೈಗೆ, ಶಿಗ್ಗಾವಿ ದಾರಿಯ ನಮ್ಮ ಹೊಲದಲ್ಲಿ ನವಿಲು ಉದುರಿಸಿಹೋದ ಗರಿಯ ಎಳೆ. ಅದು ಕಿತ್ತು ಬರದಂತೆ ಮೇಲೊಂದು ತಾಮ್ರದ ತಂತಿ, ಎದುರು ದಿಕ್ಕಿನಿಂದ. ಕೊನೆಗೆ ತಲೆಯ ಹತ್ತಿರ ಗಂಟು.

ಕಟ್ಟಿದೆ. ಚೆಂದವೂ ಕಂಡಿತು. ಅಣ್ಣ ಉಗುರಿನಿಂದ ತುಸು ಜಗ್ಗಿದ ಅಷ್ಟೇ, ಬಾಲ, ಮೈ, ತಲೆ ಎಲ್ಲ ಬಿಚ್ಚಿಕೊಂಡು ಅವನ ಅಂಗೈಗೆ ಬಿತ್ತು.

"ಎಷ್ಟ್ ಸಡ್ಲ ಕಟ್ಟೀದಿ!"

"ಗಂಟಿನ್ಯಾಗ ಜಾಗ ಬ್ಯಾಡೇನು?" ಅಂದೆ, ಯೋಚಿಸದೆ. ಎಲೆಬಳ್ಳಿಯನ್ನು ಬಾಳೆನಾರಿನಿಂದ ಕಟ್ಟುವಾಗ ಒಂದು ಬೆರಳು ತೂರುವಷ್ಟು ಸಡಿಲ ಬಿಡುತ್ತೇವೆ. ಬಿಗಿದರೆ ದಪ್ಪವಾಗುವ ಬಳ್ಳಿಯ ಕುತ್ತಿಗೆ ಹಿಸುಕಿದಂತೆ. ನನ್ನ ಕೈಗೆ ಬೇರೆ ಗಂಟು ಗೊತ್ತೇ ಇರಲಿಲ್ಲ.

ಅಣ್ಣ ನಕ್ಕ. ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ಬಳ್ಳಿ ಅಲ್ಲ ತಂಗಿ, ಬೆಳೆಯೂದಿಲ್ಲ. ಜಗ್ಗಿ ಕಟ್ಟು!"

ಜಗ್ಗಿದೆ, ದಾರ ಹರಿಯಿತು. ಮತ್ತೆ ಜಗ್ಗಿದೆ, ಮತ್ತೆ ಹರಿಯಿತು. ಸಿಟ್ಟಿಗೆ ಇಕ್ಕಳವನ್ನೇ ಅಂಗಳಕ್ಕೆ ಎಸೆಯುವವಳಿದ್ದೆ. ಆಗ ಅಣ್ಣ ತೊಡೆಯ ಕೆಳಗಿನಿಂದ ಕೈ ತೆಗೆದು, ನಾನು ಎಳೆಯುತ್ತಿದ್ದ ದಾರದ ಮೇಲೆ ಒಂದು ಬೆರಳಿಟ್ಟ. ಬೆರಳು ನಡುಗುತ್ತಲೇ ಇತ್ತು. ಆದರೆ ದಾರ ಹರಿಯಲು ಕೂದಲೆಳೆ ಉಳಿದಾಗ ಸರಿಯಾಗಿ "ಸಾಕು" ಎಂದ. ಹಾಗೇ ಒಂದೊಂದು ಸುತ್ತಿಗೂ ಬೆರಳಿಟ್ಟು ಹೇಳಿದ. ಕೊನೆಯ ಗಂಟಿಗೆ ನನ್ನ ಸೊಸೆಯ ಬಣ್ಣವಿಲ್ಲದ ಉಗುರುಬಣ್ಣದ ಹನಿ ಮುಟ್ಟಿಸಿದೆ. ಅಣ್ಣ ಜಗ್ಗಿ ನೋಡಿದ. ಬಿಚ್ಚಲಿಲ್ಲ.

"ಇದರಾಗ ನಂದೂ ಕೈ ಐತಿ," ಎಂದ. ಹಟಕ್ಕೆ ಅಷ್ಟು ಸಾಕಾಯಿತು. ಮರುದಿನ ಗೆಳೆಯನಿಗೆಂದು ನಮ್ಮೂರಿನ ಕುರುಕಲು ತಿಂಡಿ ಖಾರದ ಪೊಟ್ಟಣಗಳನ್ನು ತಾನೇ ಹೋಗಿ ಕಟ್ಟಿಸಿಕೊಂಡು ಬಂದ.

ಮುಂದಿನ ವಾರ ನಾನು ತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದಾಗ ಫೋನಿಗೆ ವಿಡಿಯೊ ಕರೆ ಬಂತು. ಆ ಕಡೆ ಹೊಳೆಯ ಸದ್ದು. ಮೊಣಕಾಲುದ್ದ ನೀರಿನಲ್ಲಿ ಅಣ್ಣ ನಿಂತಿದ್ದನ್ನು ಗೆಳೆಯ ತೋರಿಸಿದ. ಮೈತುಂಬ ಚುಕ್ಕಿಯ ಮೀನೊಂದು ಅವನ ಕೈಯಿಂದ ಜಾರಿ ನೀರಿಗೆ ಹೋಯಿತು. ಅಣ್ಣ ನಮ್ಮ ಹುಳವನ್ನು ಫೋನಿನ ಮುಂದೆ ಹಿಡಿದ. ಮೀನಿನ ಹಲ್ಲು ತಾಗಿ ನವಿಲುಗರಿಯ ಎಳೆ ಕೆದರಿತ್ತು, ಗಂಟು ಹಾಗೇ ಇತ್ತು. ಹೆಸರು ತಿಳಿಯದ ಆ ಹೊಳೆಗೆ, ತಿಂದು ಗೊತ್ತಿಲ್ಲದ ಆ ಮೀನಿಗೆ, ಗರಿ ಉದುರಿಸಿದ ನವಿಲಿಗೆ ಮನಸ್ಸಿನಲ್ಲೇ ಕೈ ಮುಗಿದೆ.

"ಕೇಳಾಕತ್ತೇತೇನು?" ಅಣ್ಣ ಕೂಗಿದ. "ಮುಂದಿನ ವರ್ಷಕ್ಕ ಇನ್ನೊಂದ್ ನಾಕು ಕಟ್ಟೂಣು!"

"ಮೊದಲ ನೀರಿನಿಂದ ಹೊರಗ ಬಾ, ನೆಗಡಿ ಆದೀತು," ಎಂದು ಗದರಿದೆ. ಕಣ್ಣು ತುಂಬಿ, ಕೈಯಲ್ಲಿದ್ದ ಬಳ್ಳಿ ಕಾಣಲಿಲ್ಲ.