ತೊಟ್ಟಿಲ ಕೊಂಡಿ ಇದ್ದ ಮಜಲು

ನಾನು ಸಾಲೆಯಲ್ಲಿ ಕಲಿತದ್ದು ಮೂರನೇತ್ತೆ, ಅಂದರೆ ಮೂರನೇ ಕ್ಲಾಸು. ಆ ಮೂರನೇತ್ತೆಯನ್ನೂ ಎರಡು ಸಲ ಕಲಿತೆ, ಹಂಗಾಗಿ ಗಟ್ಟಿ ಕಲಿತೀನಿ ಅಂತ ಹೇಳಬಹುದು. ಊರು ಬದಲಾದದ್ದನ್ನ ಬರೀತೀನಿ ಅಂತ ಕೂತರೆ, ನೀವು ಬರೆಯೋದು ಮೊಮ್ಮಗಳ ಸುದ್ದೀನೇ ಅಂತ ಮನೆಯವಳು ಈಗಲೇ ನಕ್ಕಾಳೆ. ನಗಲಿ. ನಮ್ಮ ಓಣಿ ಕೆಡವಿ ಹೊಸ ಕಟ್ಟಡ ಎದ್ದದ್ದೂ, ನನ್ನ ಒಬ್ಬಳೇ ಮಗಳಿಗೆ ಮಗಳು ಹುಟ್ಟಿದ್ದೂ ಒಂದೇ ವರ್ಷ. ಒಂದು ಬಿಟ್ಟು ಇನ್ನೊಂದು ಹೇಳಲಿಕ್ಕೆ ನನಗೆ ಬರೋದಿಲ್ಲ.

ರಾಯಬಾಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಯನ್ನು ಹೊತ್ತುಕೊಂಡು ಬೇವಿನ ಜಂತಿ. ಅಂಗಳದಲ್ಲಿ ಎರಡು ಎಮ್ಮೆ. ಬಸ್ ಸ್ಟ್ಯಾಂಡು ದೊಡ್ಡದು ಮಾಡಿ, ಅದರ ಬಾಗಿಲನ್ನು ನಮ್ಮ ಓಣಿಯ ಕಡೆಗೆ ತೆರೆಯುತ್ತಾರೆ ಅಂತ ಸುದ್ದಿ ಬಂದದ್ದು ಎಂಬತ್ತರ ದಶಕದ ಕೊನೆಕೊನೆಗೆ. ಓಣಿಯ ಮನೆಗಳು ಮೊದಲೇ ಬಾಗಿ ನಿಂತಿದ್ದವು. ಎಲ್ಲರೂ ಕೂಡಿ ಒಂದು ಸೊಸೈಟಿ ಮಾಡಿದರು. ಮನೆ ಕೆಡವೋದು, ಆ ಜಾಗದಲ್ಲಿ ಒಂದೇ ಕಟ್ಟಡ ಕಟ್ಟೋದು. ಕೆಳಗೆ ಅಂಗಡಿ, ನಡುವೆ ಬಾಡಿಗೆಗೆ ಆಫೀಸು, ಮೇಲೆ ನಮ್ಮ ನಮ್ಮ ಮನೆ. ಹೊಸ್ತಿಲು ದಾಟಿ ಮೆಟ್ಟಲು ಇಳಿದರೆ ಬಸ್ಸು. ಅಥಣಿಗೆ, ಚಿಕ್ಕೋಡಿಗೆ, ಉಗಾರಕ್ಕೆ. ಉಳಿದವರು ಕೈ ಎತ್ತುವ ಮೊದಲೇ ನಾನು ಹೌದು ಅಂದುಬಿಟ್ಟಿದ್ದೆ. ಎಮ್ಮೆಗಳನ್ನು ತಮ್ಮನ ಹೊಲಕ್ಕೆ ಹೊಡೆದು, ನಾವೂ ಅಲ್ಲೇ ತಗಡಿನ ಶೆಡ್ಡಿನಲ್ಲಿ ಉಳಿದೆವು.

ಅಷ್ಟರಲ್ಲಿ ಮಗಳು ಬಸಿರಾದ ಸುದ್ದಿ ಬಂತು. ಆಕೆಯನ್ನು ಕೊಟ್ಟದ್ದು ಉಗಾರ ಬುದ್ರುಕಕ್ಕೆ, ಕಬ್ಬಿನ ದೊಡ್ಡ ಹೊಲ ಇದ್ದ ಮನೆತನಕ್ಕೆ. ಚೊಚ್ಚಲ ಬಾಣಂತನ ತವರಿನಲ್ಲಿ ಅನ್ನೋದು ನಮ್ಮ ಕಡೆ ಮಾತಾಡುವ ವಿಷಯವೇ ಅಲ್ಲ. ಆದರೆ ಬೀಗತಿ, ಅಂದರೆ ಮಗಳ ಅತ್ತಿ, ಮಾತಾಡಿದರು.

"ಬೀಗರ, ನಿಮ್ಮ ಮನಿ ಅಂತೂ ಕೆಡವೀರಿ. ಹೊಸಾದ್ದು ಸಿಮೆಂಟಿಂದು ಅಂತ. ಅದಕ್ಕ ಜಂತಿ ಇರೂದಿಲ್ಲ. ಜಂತಿ ಇಲ್ಲದ ಮನಿಯಾಗ ತೊಟ್ಟಿಲ ಎಲ್ಲಿ ಕಟ್ತೀರಿ, ನಿಮ್ಮ ಕೊರಳಿಗೆ?"

"ನನ್ನ ಕೊರಳಿಗೇ ಕಟ್ರಿ, ತೂಗತೀನಿ" ಅಂದೆ. ಯಾರೂ ನಗಲಿಲ್ಲ.

"ಹಂಗಾದ್ರ ಬಾಣಂತನ ನಮ್ಮಲ್ಲೇ ಆಗ್ಲಿ. ನಮ್ಮಲ್ಲಿ ಸಾಗವಾನಿ ತೊಲಿ ಅದಾವ. ನೀವು ಬಂದು ನೋಡಿಕೊಂಡ ಹೋಗ್ರಿ."

ಬಂದು ನೋಡಿಕೊಂಡು ಹೋಗೋದು. ಒಬ್ಬಳೇ ಮಗಳ ಮೊದಲ ಕೂಸನ್ನು ನಾನು ಕೈಯಲ್ಲಿ ಚೀಲ ಹಿಡಿದು, ಚಾ ಕುಡಿದು, ಸಂಜೆಯ ಬಸ್ಸಿಗೆ ಹಿಂದಿರುಗುವ ನೆಂಟನಂತೆ ನೋಡಬೇಕು. ಉಗಾರದಿಂದ ಬರುವಾಗ ಬಸ್ಸು ಕುಡಚಿಗೆ ಬಂದ ಮೇಲೆ ಮನೆಯವಳು ಅಂದಳು, "ಏನರ ಮಾಡ್ರಿ."

ಏನರ ಮಾಡ್ರಿ ಅಂತ ನನಗೆ ಹೇಳಬಾರದಿತ್ತು.

ಮರುದಿನವೇ ಕಮ್ಮಾರನ ಹತ್ತಿರ ಹೋಗಿ ಹೋರಿ ಕಟ್ಟುವಂಥ ದಪ್ಪ ಕೊಂಡಿ ಮಾಡಿಸಿದೆ. ಸ್ಲ್ಯಾಬ್ ಹಾಕುವಾಗಲೇ ಒಳಗೆ ಕೂರಿಸಿದರೆ ಅದು ಪ್ರಳಯ ಆದರೂ ಕಿತ್ತು ಬರೋದಿಲ್ಲ ಅಂತ ಕಟ್ಟಡ ಕಟ್ಟುವ ಗೌಂಡಿ ಹೇಳಿದ್ದ. ಸ್ಲ್ಯಾಬಿನ ದಿನ ತಲೆಗೆ ಪಟಗಾ ಸುತ್ತಿ, ಬಿದಿರಿನ ಏಣಿ ಹತ್ತಿ ಹೋದೆ. ಹಲಗೆ ಹಾಸಿ ಸರಳು ಹೆಣೆದಿದ್ದರು. ಸುಣ್ಣದಲ್ಲಿ ಗೆರೆ ಎಳೆದು, ಇದು ನಿಮ್ಮ ಅಡಿಗೆ ಮನೆ, ಇದು ಪಡಸಾಲೆ ಅಂತ ತೋರಿಸಿದರು. ನಮ್ಮ ಪಡಸಾಲೆಯ ನಟ್ಟನಡುವೆ ನಿಂತು, ಕಾಲಿನಿಂದ ಜಾಗ ತೋರಿಸಿ ಗೌಂಡಿಗೆ ಹೇಳಿದೆ, "ಇಲ್ಲಿ ಹಾಕಪಾ. ಜರಾ ಗಟ್ಟಿ ಕೂರಿಸು."

"ಇಲ್ಲೇ ಏನ್ರಿ ಕಾಕಾ?"

"ಇಲ್ಲೇ. ಮನಿ ನಂದು, ನನಗ ಗೊತ್ತಿಲ್ಲೇನು?"

ಅವನು ಕೊಂಡಿಯ ಬಾಲವನ್ನು ಸರಳಿಗೆ ಸುತ್ತಿ, ಹಲಗೆಗೆ ತೂತು ಕೊರೆದು, ಉಂಗುರವನ್ನು ಕೆಳಗೆ ಇಳಿಬಿಟ್ಟ. ಅದು ಕೆಳಗೆ ಇಳಿಯೋದನ್ನ ನಾನು ಕಣ್ಣಾರೆ ನೋಡಿದೆ. ಇಳಿದು ಎಲ್ಲಿಗೆ ಹೋಯಿತು ಅಂತ ಕೇಳಲಿಲ್ಲ. ಹುಟ್ಟಿದಂದಿನಿಂದ ಒಂದೇ ಮಾಳಿಗೆಯ ಮನೆಯಲ್ಲಿ ಇದ್ದವನು ನಾನು. ಮಾಳಿಗೆ ಅಂದರೆ ನಮಗೆ ಮಾಳಿಗೆ. ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಾರೆ, ಅದರ ಕೆಳಗೆ ಮಲಗುತ್ತಾರೆ. ಒಬ್ಬರ ಮಾಳಿಗೆ ಇನ್ನೊಬ್ಬರ ನೆಲ ಆಗ್ತದೆ ಅಂತ ನನ್ನ ತಲೆಗೆ ಹೊಳೆಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಮುಂದೆ ಅದರ ಮೇಲಿನ ಇನ್ನೊಂದು ಸ್ಲ್ಯಾಬ್ ಹಾಕುವ ಹೊತ್ತಿಗೆ ಗೌಂಡಿ ಚಾದ ಅಂಗಡಿಯಲ್ಲಿ ಸಿಕ್ಕು, "ಕಾಕಾ, ನಿಮ್ಮ ಪಡಸಾಲಿಗೆ ಫ್ಯಾನಿನ ಹುಕ್ ಎಲ್ಲಿ ಬಿಡ್ಲಿ?" ಅಂತ ಕೇಳಿದ. "ಫ್ಯಾನ್ ನಮಗ್ಯಾಕೋ? ಗಾಳಿಗೂ ಬಿಲ್ ಕಟ್ಟೂನೇನು?" ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಭಾಳ ಶಾಣ್ಯಾ ಮಾತಾಡಿದೆ ಅಂತ ಇನ್ನೊಂದು ಚಾ ಹೇಳಿದೆ.

ಏಳನೇ ತಿಂಗಳಲ್ಲಿ ಉಗಾರದಲ್ಲಿ ಮಗಳಿಗೆ ಕುಬಸ ಮಾಡಿದೆವು. ಹೊಸ ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಮಗಳು ಮಣೆಯ ಮೇಲೆ ಕೂತಿದ್ದಳು. ತುಂಬಿದ ಪಡಸಾಲೆಯಲ್ಲಿ ನಾನು ಎದ್ದು ನಿಂತು ಹೇಳಿದೆ, "ಬೀಗತ್ಯಾರ, ನಮ್ಮ ಸ್ಲ್ಯಾಬಿನಾಗ ಕೊಂಡಿ ಕೂರಿಸೇನಿ. ಕೂಸಲ್ಲ, ಕೂಸಿನ ಅಪ್ಪನ್ನ ಹಾಕಿ ತೂಗಬಹುದು." ಅಳಿಯ ತಲೆ ಕೆಳಗೆ ಹಾಕಿದ. ಬೀಗತಿ, "ಕೊಂಡಿ ಇದ್ದ ಮ್ಯಾಲ ನಂದೇನೈತಿ, ಕರಕೊಂಡ ಹೋಗ್ರಿ. ತೊಟ್ಟಿಲದ ದಿನ ಬಂದು ನೋಡತೀನಿ" ಅಂದರು.

ಮಗಳನ್ನು ಕರೆದುಕೊಂಡು ಬಂದೆವು. ಮುಂದೆ ಬಣ್ಣ ಇನ್ನೂ ಹಸಿ ಇರುವಾಗಲೇ ಹೊಸ ಮನೆ ಹೊಕ್ಕೆವು. ಹಾಲು ಉಕ್ಕಿಸಿ, ಮನೆಯವಳು ಪಡಸಾಲೆಗೆ ಬಂದು ಕುತ್ತಿಗೆ ಎತ್ತಿದಳು.

"ಎಲ್ಲೈತ್ರಿ ನಿಮ್ಮ ಕೊಂಡಿ?"

ನಾನೂ ಎತ್ತಿದೆ. ಮೇಲೆ ಹಾಲಿನಂಥ ಬಿಳಿ ಸುಣ್ಣ. ಒಂದು ಮೊಳೆ ಸೈತ ಇಲ್ಲ. ಅಡಿಗೆ ಮನೆಯಲ್ಲಿ ನೋಡಿದೆ, ಬಚ್ಚಲಲ್ಲಿ ನೋಡಿದೆ. ಯಾರೋ ಕದ್ದೊಯ್ದಾರೆ ಅಂತ ಗೌಂಡಿಯನ್ನು ಕರೆಸಿದೆ. ಅವನು ಬಂದು ಪಡಸಾಲೆಯ ನಡುವೆ ನಿಂತು ಕಾಲಿನಿಂದ ನೆಲ ತಟ್ಟಿದ.

"ಇಲ್ಲೇ ಐತಲ್ರಿ ಕಾಕಾ. ನಿಮ್ಮ ಕಾಲ ಬುಡಕ. ನೀವ ತೋರ್ಸಿದ್ರಿ."

ಮನೆಯವಳು ಗೋಡೆ ಹಿಡಿದು ಕೂತಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು.

ಕೆಳಗಿನ ಮಜಲಿಗೆ ಆಗಲೇ ಒಂದು ಸರಕಾರಿ ಆಫೀಸು ಬಂದಿತ್ತು. ಇಳಿದು ಹೋಗಿ ಇಣುಕಿದೆ. ನನ್ನ ಕೊಂಡಿ ಇತ್ತು, ಸುಳ್ಳು ಯಾಕೆ ಹೇಳಲಿ, ಬಲು ಚೆಂದ ಕೂತಿತ್ತು. ಅದಕ್ಕೆ ಫ್ಯಾನು ನೇತು ಹಾಕಿದ್ದರು. ಫ್ಯಾನಿನ ಕೆಳಗೆ ಟೇಬಲ್ಲು, ಟೇಬಲ್ಲಿನ ಹಿಂದೆ ಮೈಸೂರು ಕಡೆಯ ಸಾಹೇಬರು.

"ಏನು ಯಜಮಾನ್ರೆ, ಅರ್ಜಿ ಇದೆಯಾ?"

"ಅರ್ಜಿ ಇಲ್ರಿ ಸಾಹೇಬ್ರ. ನಿಮ್ಮ ಫ್ಯಾನು ನಮ್ಮ ಕೊಂಡಿಗೆ ಜೋತಾಡಾಕತ್ತೈತಿ."

ಅವರು ಮೇಲೆ ನೋಡಿದರು. "ಫ್ಯಾನು ಸರ್ಕಾರದ್ದು."

"ಫ್ಯಾನ್ ಸರಕಾರದ್ದರಿ. ಕೊಂಡಿ ನಮ್ಮ ಮಗಳ ಕೂಸಿಂದು."

"ಮಗೂಗೆ ಎಷ್ಟು ವಯಸ್ಸು?"

"ಇನ್ನ ಹುಟ್ಟಬೇಕ್ರಿ."

ಸಾಹೇಬರು ಒಳ್ಳೆಯ ಮನುಷ್ಯರು. ಎಲ್ಲ ಕೇಳಿ, ನೀರು ಕೊಡಿಸಿ, ಆಫೀಸಿನಲ್ಲಿ ತೊಟ್ಟಿಲು ಕಟ್ಟಲಿಕ್ಕೆ ತಮಗೆ ಅಧಿಕಾರ ಇಲ್ಲ ಅಂದರು. ಅವರಿಗಿಂತ ದೊಡ್ಡ ಸಾಹೇಬರಿಗೂ ಇರಲಿಕ್ಕಿಲ್ಲ ಅಂತಲೂ ಅಂದರು. ಹೊಸ ಸ್ಲ್ಯಾಬಿಗೆ ತೂತು ಹೊಡೆಯೋದನ್ನ ಸೊಸೈಟಿಯವರು ಒಪ್ಪಲಿಲ್ಲ. ಮಳೆಗಾಲಕ್ಕೆ ಸೋರ್ತದೆ ಅಂದರು.

ಮೊಮ್ಮಗಳು ಹುಟ್ಟಿದಳು. ಆ ದಿನದ್ದು ಹೇಳಲಿಕ್ಕೆ ಮೂರನೇತ್ತೆ ಸಾಲದು. ದವಾಖಾನೆಯಿಂದ ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ ಬಸ್ಸಿಗೆಲ್ಲ ಹತ್ತಿ ಪೇಢೆ ಹಂಚಿದೆ. ಅಥಣಿ ಬಸ್ಸಿನಲ್ಲಿ ಹಂಚುತ್ತಿರುವಾಗ ಅದು ಹೊರಟೇಬಿಟ್ಟಿತು. ಟಿಕೆಟ್ ತೆಗಿ ಅಂದ ಕಂಡಕ್ಟರನ ಬಾಯಿಗೂ ಒಂದು ಪೇಢೆ ಹಾಕಿದೆ. ಊರ ಹೊರಗೆ ಇಳಿಸಿದ. ನಡೆದುಕೊಂಡು ಬರುವಾಗ ಎದುರಿಗೆ ಬಂದ ಎತ್ತಿನ ಗಾಡಿಯವನಿಗೂ ಹೇಳಿದೆ, ಕೂಸಿನ ಮೂಗು ನನ್ನ ಹಂಗ ಐತಿ ಅಂತ. ಅವನು ನನ್ನ ಮೂಗು ನೋಡಿ, "ದೇವ್ರು ಕಾಯ್ತಾನ ಬಿಡ್ರಿ" ಅಂದ.

ಹದಿಮೂರನೆಯ ದಿನ ಕೂಸಿಗೆ ಹೆಸರಿಡುವ ತೊಟ್ಟಿಲು. ನಾನು ಒಂದು ಉಪಾಯ ಮಾಡಿದ್ದೆ. ಕಾಲಿನ ಮೇಲೆ ನಿಲ್ಲುವ ಕಬ್ಬಿಣದ ತೊಟ್ಟಿಲು ತಂದು, ಕಾಲು ಕಾಣದಂತೆ ಸೀರೆ ಸುತ್ತಿದೆ. ಮೇಲೆ ಕೊಂಡಿ ಇಲ್ಲದ್ದು ಕಾಣದಿರಲಿ ಅಂತ ಈ ಗೋಡೆಯಿಂದ ಆ ಗೋಡೆಗೆ ಬಣ್ಣದ ಕಾಗದದ ಮಾಲೆ ಬಿಗಿದೆ. ನೋಡಿದರೆ ಗಣಪತಿ ಕೂರಿಸಿದಂತೆ ಇತ್ತು.

ಮಧ್ಯಾಹ್ನದ ಹೊತ್ತಿಗೆ ಉಗಾರದ ಬಸ್ಸಿನಿಂದ ಬೀಗತಿ ತಮ್ಮ ಹೆಂಗಸರ ಜೊತೆ ಇಳಿದರು. ಮೆಟ್ಟಲು ಹತ್ತಿ ಬಂದು, ಕೂಸನ್ನು ಎತ್ತಿಕೊಂಡು ಮುದ್ದಾಡಿದರು. ಆಮೇಲೆ ಛತ್ರಿಯ ತುದಿಯಿಂದ ಕಾಗದದ ಮಾಲೆ ಸರಿಸಿ ಮೇಲೆ ನೋಡಿದರು. ಆಮೇಲೆ ಬಗ್ಗಿ ತೊಟ್ಟಿಲಿಗೆ ಸುತ್ತಿದ ಸೀರೆಯ ಅಂಚು ಎತ್ತಿದರು.

"ಬೀಗರ, ಇದಕ್ಕ ಕಾಲ ಅದಾವ."

"ಹೌದ್ರಿ" ಅಂದೆ.

"ನೆಲದ ಮ್ಯಾಲ ನಿಂತದ್ದು ತೊಟ್ಟಿಲ ಅಲ್ಲ, ಖುರ್ಚಿ. ನಮ್ಮ ಮನಿತನದ ಕೂಸು ಖುರ್ಚ್ಯಾಗ ಮಲಗೂದಿಲ್ಲ. ತಂಗಿ, ನಿನ್ನ ಸೀರಿ ಅರಿವಿ ಗಂಟ ಕಟ್ಟಿಕೋ. ಸಂಜಿ ಬಸ್ಸಿಗೆ ಎಲ್ಲಾರೂ ಉಗಾರಕ್ಕ ಹೋಗೂಣು, ತೊಟ್ಟಿಲ ಅಲ್ಲೇ ಆಗ್ಲಿ."

ಮಗಳು ನನ್ನ ಮುಖ ನೋಡಿದಳು. ಹಸಿ ಬಾಣಂತಿ. ಅವಳ ಕಣ್ಣು ತುಂಬಿದ್ದು ನೋಡಿ ನನ್ನ ಜಂಭವೆಲ್ಲ ಎಲ್ಲಿ ಹೋಯಿತೋ.

"ಬೀಗತ್ಯಾರ, ಕೊಂಡಿ ಹಾಕ್ಸಿದ್ದು ಖರೇ ಐತ್ರಿ. ನೀವ ನಿಂತ ಜಾಗದ ಬುಡಕ ಐತಿ."

ಚೇಳು ಕಂಡವರಂತೆ ಅವರು ಪಕ್ಕಕ್ಕೆ ಸರಿದರು. ನಾನು ಎಲ್ಲ ಹೇಳಿದೆ. ಸುಣ್ಣದ ಗೆರೆ, ತೂತು, ಫ್ಯಾನು, ಗಾಳಿಯ ಬಿಲ್. ಉಗಾರದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಬೀಗತಿ ನಗಲಿಲ್ಲ. "ನಡೀರಿ, ನೋಡೂಣು" ಅಂತ ಕೂಸನ್ನು ಎತ್ತಿಕೊಂಡೇ ಮೆಟ್ಟಲು ಇಳಿದರು. ಹಿಂದೆ ಆರತಿ ತಟ್ಟೆ ಹಿಡಿದವರು, ಗುಗ್ಗರಿ ಬುಟ್ಟಿ ಹೊತ್ತವರು, ಕೊನೆಗೆ ನಾನು.

ಆಫೀಸಿನಲ್ಲಿ ಊಟದ ಹೊತ್ತು. ಸಾಹೇಬರು ಡಬ್ಬಿ ಬಿಚ್ಚುತ್ತಿದ್ದರು. ಬಾಕಿನ ಮೇಲೆ ಕೂತು ಅಲಖನೂರಿನ ರೈತರು ತಮ್ಮ ಸರದಿ ಕಾಯುತ್ತಿದ್ದರು.

"ಸಾಹೇಬ್ರ, ಜರಾ ಫ್ಯಾನ್ ಇಳಸ್ರಿ" ಅಂದರು ಬೀಗತಿ. "ನೀವು ಉಂಡು ಮುಗಸೂದ್ರಾಗ ನಮ್ಮ ಕೆಲಸ ಆಗ್ತೈತಿ."

"ಅಮ್ಮಾ, ಇದು ಕಚೇರಿ. ಆಗಲೇ ಯಜಮಾನ್ರಿಗೆ ಹೇಳಿದ್ದೀನಿ."

"ನಾ ಏನ ಕಾಗದಕ್ಕ ಸಹಿ ಕೇಳಾಕತ್ತಿಲ್ಲ. ಕೂಸಿನ ಮಾರಿ ಒಂದೀಟ ನೋಡ್ರಿ, ಆಮ್ಯಾಲ ಆಗೂದಿಲ್ಲ ಅನ್ರಿ."

ಸಾಹೇಬರು ನೋಡಿದರು. ನನ್ನ ಮೊಮ್ಮಗಳು ಅದೇ ಹೊತ್ತಿಗೆ ಆಕಳಿಸಿದಳು. ಅಂಥಾ ಆಕಳಿಕೆಯನ್ನು ಮೂರು ತಾಲೂಕಿನಲ್ಲಿ ಯಾರೂ ಆಕಳಿಸಿರಲಿಕ್ಕಿಲ್ಲ. ಬಾಕಿನ ಮೇಲಿದ್ದ ಹಿರಿಯ ರೈತ ಅಂದ, "ಆಗ್ಲಿ ಬಿಡ್ರಿ ಸಾಹೇಬ್ರ. ನಾವು ಮುಂಜಾನಿಂದ ಕುಂತೇವಿ. ಇನ್ನ ಜರಾ ಕುಂತ್ರ ನಮ್ಮದೇನ ಸವೆಯೂದಿಲ್ಲ."

ಸಾಹೇಬರು ಡಬ್ಬಿ ಎತ್ತಿಕೊಂಡು ಕಿಟಕಿಯ ಕಡೆ ಹೋದರು. ತಾವು ಏನೂ ನೋಡಲಿಲ್ಲ ಅಂತ ಹೇಳಿ, ಎಲ್ಲ ಚೆನ್ನಾಗಿ ಕಾಣುವ ಜಾಗದಲ್ಲೇ ಕೂತರು. ಆಫೀಸಿನ ಸಿಪಾಯಿ ಟೇಬಲ್ಲು ಹತ್ತಿ ಫ್ಯಾನು ಬಿಚ್ಚಿದ. ಅಟ್ಟದ ಮೇಲಿಟ್ಟಿದ್ದ ನಮ್ಮ ಹಳೆಯ ಕಟ್ಟಿಗೆ ತೊಟ್ಟಿಲನ್ನು ಮನೆಯವಳು ಓಡಿ ಹೋಗಿ ತಂದಳು. ಹಗ್ಗ ಬಿಗಿದು, ಪದ್ಧತಿಯಂತೆ ಮೊದಲು ಗುಂಡಕಲ್ಲು ಮಲಗಿಸಿ ತೂಗಿದರು. ಕೊಂಡಿ ಕಿರ್ ಅನ್ನಲಿಲ್ಲ. ನಾನು ಸುತ್ತಲೂ ಎಲ್ಲರ ಮುಖ ನೋಡಿದೆ; ಕೊಂಡಿಯ ಕಡೆ ಯಾರದೂ ಲಕ್ಷ್ಯ ಇರಲಿಲ್ಲ. ಕಲ್ಲು ತೆಗೆದು ಕೂಸನ್ನು ಹಾಕಿದರು. ಅಳಿಯನ ತಂಗಿ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರು ಶಾಸ್ತ್ರಕ್ಕೆ ಅವಳ ಬೆನ್ನಿಗೆ ಗುದ್ದಿದರು, ಒಬ್ಬಾಕೆ ಜೋಗುಳ ಎತ್ತಿದಳು. ಸಾಹೇಬರ ಟೇಬಲ್ಲಿನ ಮೇಲೆ ಅರಿಶಿನ ಚೆಲ್ಲಿತು. ಅಲಖನೂರಿನವರು ಗುಗ್ಗರಿ ತಿಂದರು.

ಆ ಹಿರಿಯ ರೈತ ಗುಗ್ಗರಿ ಅಗಿಯುತ್ತಾ ಕಾಲೆಳೆದ, "ಅವ್ವಾರ, ತೊಟ್ಟಿಲ ತೂಗಿದ್ದು ಸರಕಾರದಾಗ ಆತು. ಇನ್ನ ತವರಮನಿ ಯಾವದು, ಇದ ಆಫೀಸೇನು?"

ಇವನಿಗೆ ಗುಗ್ಗರಿ ಕೊಡಲೇಬಾರದಿತ್ತು.

ಬೀಗತಿ ತೊಟ್ಟಿಲ ಹಗ್ಗ ಹಿಡಿದು ಮೇಲೆ ನೋಡಿದರು. "ಟೊಂಗಿ ಯಾರ ಹೊಲದ ಮ್ಯಾಗರ ಚಾಚಲಿ, ಗಿಡ ಮಾತ್ರ ಬೇರು ಇದ್ದ ಹೊಲದವಂದು. ಈ ಕೊಂಡೀದು ಬೇರು ಎಲ್ಲೈತಿ? ಬೀಗರ ಮನಿ ನೆಲದಾಗ. ಹಂಗಂದ ಮ್ಯಾಲ ತೊಟ್ಟಿಲ ತವರಮನ್ಯಾಗ ತೂಗಿದಂಗ ಆತು." ಆಮೇಲೆ ಮಗಳ ಕಡೆ ತಿರುಗಿ ಅಂದರು, "ಅರಿವಿ ಗಂಟ ಬಿಚ್ಚಿಡು. ಐದ ತಿಂಗಳ ತುಂಬೂತನಕ ಇಲ್ಲೇ ಇರು."

ಸಂಜೆ ಬಸ್ಸಿನ ತನಕ ಅವರನ್ನು ಕಳಿಸಲಿಕ್ಕೆ ಹೋದೆ. ಖುಷಿಯಲ್ಲಿ ಯಾರದೋ ಗಂಟನ್ನೂ ಅವರ ಜೊತೆ ಹತ್ತಿಸಿದ್ದೆ, ಅದರ ಒಡೆಯ ಬೈದು ಇಳಿಸಿಕೊಂಡ. ಬೀಗತಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಬೀಗರ, ಒಂದ ಮಾತ. ಕೂಸಿನ ಎತ್ತಿಕೊಂಡ ಮೆಟ್ಟಲ ಇಳಿಯಾಕ ಹೋಗಬ್ಯಾಡ್ರಿ. ನಿಮಗ ಮ್ಯಾಲ ಯಾವದು, ಕೆಳಗ ಯಾವದು ತಿಳಿಯೂದಿಲ್ಲ."

"ಆಗ್ಲಿರಿ" ಅಂದೆ. ಬಸ್ಸು ತುಂಬ ಜನ ನಕ್ಕರು. ಅವರೂ ಆಗ ನಕ್ಕರು.

ಮನೆಗೆ ಓಡಿದೆ. ಮಗಳು, ಕೈ ತೊಳಕೊಂಡ ಬಾ ಅಪ್ಪಾ, ಅಂದಳು. ತೊಳೆದುಕೊಂಡು ಬಂದು ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕೂತೆ. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಸ್ವಲ್ಪ ಹೊತ್ತಿಗೆ ಧೋತರ ಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು. ಏಳ್ರಿ, ಧೋತರ ಬದಲಿ ಮಾಡ್ರಿ, ಅಂತ ಮನೆಯವಳು ಅಡಿಗೆ ಮನೆಯಿಂದ ಕೂಗುತ್ತಲೇ ಇದ್ದಳು. ನಾನು ಏಳಲಿಲ್ಲ.